ಟೋಪಿ ಒಗೆಯುವವನ ಹೆಸರು

ಅಂದು ಆ ಹುಡುಗಿಗೆ ತಾನು ಏನೇನು ಹೇಳಿದೆ ಎಂಬುದು ಫಾಲ್ಮಾತಾಳ ತಲೆಯಿಂದ ಇಳಿಯುತ್ತಲೇ ಇರಲಿಲ್ಲ. ಮಗಳಿಗೆ ಹಾಲೂಡಿಸುವಾಗ ಅದೇ, ಸಜ್ಜೆ ಕುಟ್ಟುವಾಗ ಅದೇ, ನಮಾಜಿಗೆ ಹಣೆ ನೆಲಕ್ಕಿಟ್ಟಾಗಲೂ ಅದೇ. ಎರಡು ತಿಂಗಳ ಹಿಂದೆ ಸಮೀಕ್ಷೆಯವರು ಬಂದ ದಿನ ಬಾಗಿಲಲ್ಲಿ ನಿಂತು ಆಡಿದ ಐದು ನಿಮಿಷದ ಮಾತು. ಮಗಳಿಗೆ ಜ್ವರ ಸುಡುತ್ತಿತ್ತು, ಒಲೆಯ ಮೇಲೆ ಗಂಜಿ ಉಕ್ಕುತ್ತಿತ್ತು, ಬಾಯಿಗೆ ಬಂದದ್ದು ಹೇಳಿ ಕಳಿಸಿದ್ದಳು. ಈಗ ಅವಳ ಗಂಡನನ್ನು ಸೈನಿಕರು ಹಿಡಿದುಕೊಂಡು ಹೋಗಿ ಒಂಬತ್ತು ದಿನ. ಆ ಐದು ನಿಮಿಷಕ್ಕೂ ಈ ಒಂಬತ್ತು ದಿನಕ್ಕೂ ನಡುವೆ ಒಂದು ದಾರವಿದೆ ಎಂದು ಹೊಟ್ಟೆ ಹೇಳುತ್ತಿತ್ತು. ಎಲ್ಲಿಯ ದಾರ, ಹುಚ್ಚಿ, ಎಂದು ಬುದ್ಧಿ ಹೇಳುತ್ತಿತ್ತು. ಹೊಟ್ಟೆಯ ಮಾತೇ ಗಟ್ಟಿಯಾಗಿತ್ತು.

ಅವಳು ಮೊದಲಿನಿಂದಲೂ ಹಾಗೆಯೇ. ಜಿಂದರ್ ಪಟ್ಟಣದ ಅಂಚೆ ಗುಮಾಸ್ತನ ಮಗಳು, ದೊಡ್ಡ ಶಾಲೆಯಲ್ಲಿ ಹನ್ನೆರಡು ವರ್ಷ ಓದಿದವಳು. ಓದಿನಿಂದ ಧೈರ್ಯ ಬರುತ್ತದೆ ಎನ್ನುತ್ತಾರೆ. ಅವಳಿಗೆ ಬಂದದ್ದು ಭಯಪಡಲು ಇನ್ನಷ್ಟು ಕಾರಣಗಳು. ಗಿದಾನ್ ಕಾಬಾಕ್ಕೆ ಸೊಸೆಯಾಗಿ ಬಂದ ಮೊದಲ ವಾರವೇ ಬಾವಿಯ ನೀರನ್ನು ಎರಡು ಸಲ ಕಾಯಿಸಿ, ಮೂರನೆಯ ಸಲ ಬಟ್ಟೆಯಲ್ಲಿ ಸೋಸಿದಳು. ಮಕ್ಕಳಾದ ಮೇಲಂತೂ ಕೇಳುವುದೇ ಬೇಡ. ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡುವುದು.

"ಬಿಡೇ, ಮಗೀನ ಹಣೆ ಸವೆದು ಹೋಗುತ್ತೆ," ಎಂದು ಅತ್ತೆ ಇಯಾ ಡೆಲ್ಲು ಗೊಣಗುತ್ತಿದ್ದಳು. "ನಾನು ಒಂಬತ್ತು ಹೆತ್ತೆ. ಒಂದರ ಹಣೇನೂ ಇಷ್ಟು ಸಲ ಮುಟ್ಟಿಲ್ಲ."

"ಒಂಬತ್ತರಲ್ಲಿ ಎಷ್ಟು ಉಳಿದ್ವು ಇಯಾ?" ಎಂದು ಒಮ್ಮೆ ಬಾಯಿ ತಪ್ಪಿ ಕೇಳಿಬಿಟ್ಟಿದ್ದಳು. ಆಮೇಲೆ ಮೂರು ದಿನ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು.

ಗಂಡನದು ಟೋಪಿ ಒಗೆಯುವ ಕೆಲಸ. ಕಸೂತಿಯ ಟೋಪಿಯನ್ನು ಮನೆಯಲ್ಲಿ ಒಗೆದರೆ ಅದು ಟೋಪಿಯಾಗಿ ಉಳಿಯುವುದಿಲ್ಲ, ಮಸಿಬಟ್ಟೆಯಾಗುತ್ತದೆ. ನೆನೆಸಬೇಕು, ಕಸೂತಿಯ ಒಂದೊಂದು ತೂತಿನ ಸುತ್ತ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಬೇಕು, ಗಂಜಿ ಹಾಕಬೇಕು, ತಲೆಯ ಅಳತೆಯ ಸೋರೆಬುರುಡೆಗೆ ಎಳೆದು ಕೂರಿಸಿ ಬಿಸಿಲಿಗಿಡಬೇಕು. ಗುರುವಾರ ಅವರ ಅಂಗಳ ನೋಡಬೇಕು: ಮಣೆಗಳ ಮೇಲೆ ಸಾಲುಸಾಲಾಗಿ ಮುಖವಿಲ್ಲದ ತಲೆಗಳು, ಶುಕ್ರವಾರಕ್ಕೆ ಕಾಯುತ್ತ ಕೂತಿರುತ್ತವೆ. ಇಮಾಮರ ಟೋಪಿ, ತಹಶೀಲ್ದಾರರ ಟೋಪಿ, ಲಾರಿಯವರ ಟೋಪಿ. ಜಿಂದರಿನಲ್ಲಿ ಕೆಲಸ ಕಲಿಯುತ್ತಿದ್ದಾಗ ಫಾಲ್ಮಾತಾಳ ಅಪ್ಪನ ಟೋಪಿಯನ್ನೂ ಅವನೇ ಒಗೆಯುತ್ತಿದ್ದ. ನನ್ನ ಟೋಪಿಯನ್ನು ಇಷ್ಟು ನಯವಾಗಿ ಹಿಡಿಯುವವನು ಮಗಳನ್ನೂ ಹಾಗೆಯೇ ಹಿಡಿದಾನು ಎಂದು ಅಂಚೆ ಗುಮಾಸ್ತ ಲೆಕ್ಕ ಹಾಕಿದ. ಲೆಕ್ಕ ತಪ್ಪಲಿಲ್ಲ.

ವಿದೇಶಿ ಸೈನ್ಯದ ಶಿಬಿರ ಊರ ಹೊರಗೆ ಬಂದು ಮೂರು ವರ್ಷವಾಗಿತ್ತು. ಅಲ್ಲಿಂದ ಹಗ್ಗ ಕಟ್ಟಿದ ಬಿಳಿಯ ಬಲೂನೊಂದು ಸದಾ ಆಕಾಶದಲ್ಲಿ ತೇಲುತ್ತಿತ್ತು, ಅದರ ಹೊಟ್ಟೆಯಲ್ಲಿ ಕಣ್ಣಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಇನ್ನೂ ಮೇಲೆ, ಕಾಣದ ಎತ್ತರದಲ್ಲಿ, ಪೈಲಟ್ಟಿಲ್ಲದ ವಿಮಾನ ಜಿರ್ರೆನ್ನುತ್ತಿತ್ತು. ಊರವರು ಅದಕ್ಕೆ ಸೊಳ್ಳೆ ಎಂದು ಹೆಸರಿಟ್ಟಿದ್ದರು.

"ನಮ್ಮನ್ನ ಕಾಯೋಕೆ ಬಂದಿದಾರಪ್ಪಾ," ಎಂದು ಫಾಲ್ಮಾತಾಳ ಮನೆಯ ಗೋಡೆಯ ಬುಡದಲ್ಲಿ ಚಹಾ ಕಾಯಿಸುತ್ತ ಕೂತವರಲ್ಲಿ ಒಬ್ಬ ಹೇಳುವನು.

"ಯಾರಿಂದ?"

"ಕಾಡಿನವರಿಂದ."

"ಹಾಗಾದ್ರೆ ಬಲೂನು ಕಾಡಿನ ಮೇಲಿರಬೇಕಿತ್ತು. ನಮ್ಮ ಅಂಗಳದ ಮೇಲೆ ಯಾಕಿದೆ?"

"ನಿನ್ನ ಹೆಂಡ್ತಿ ಅಡುಗೆ ನೋಡೋಕೆ," ಎನ್ನುವನು ತಂಕೊ ಅಜ್ಜ, ಹಿಂದೆ ಲಾರಿ ಓಡಿಸುತ್ತಿದ್ದವನು. "ಈ ಜಿಲ್ಲೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯ ಯಾವುದಿದೆ?"

ನಗುತ್ತಿದ್ದರು, ಆದರೆ ಕಾಡಿನವರು ನಗುವ ವಿಷಯವಾಗಿರಲಿಲ್ಲ. ಹಿಂದಿನ ವರ್ಷ ಎರಡು ಹರದಾರಿ ದೂರದ ಹಳ್ಳಿಯಲ್ಲಿ ಶಾಲೆ ಸುಟ್ಟು, ಮೇಷ್ಟರನ್ನು ಕಪ್ಪುಹಲಗೆಯ ಮುಂದೆಯೇ ಕೊಂದಿದ್ದರು. ಅವರೂ ಅಲ್ಲಾಹನ ಹೆಸರು ಹೇಳಿಕೊಂಡೇ ಬಂದವರು. ಫಾಲ್ಮಾತಾ ಆಗ ಊರ ಶಾಲೆಯಲ್ಲಿ ರಜೆಯ ಮೇಲಿದ್ದ ಶಿಕ್ಷಕಿಯ ಬದಲಿಗೆ ಪಾಠ ಹೇಳುತ್ತಿದ್ದಳು. ಶಿಬಿರ ಇರುವುದರಿಂದ ಶಾಲೆ ತೆರೆದಿದೆ ಎಂದು ಅವಳಿಗೆ ಒಳಗೊಳಗೇ ಸಮಾಧಾನವಿತ್ತು. ಅದನ್ನು ಯಾರೆದುರೂ ಹೇಳಿರಲಿಲ್ಲ. ಈಗ ಆ ಸಮಾಧಾನವನ್ನು ನೆನೆಸಿಕೊಂಡರೆ ಮೈ ಉರಿಯುತ್ತಿತ್ತು.

ಗಂಡನನ್ನು ಹಿಡಿದದ್ದು ಬೆಳಗಿನ ಬಿಸಿಲಿನಲ್ಲಿ. ಎರಡು ಜೀಪು. ನಮ್ಮ ಸೈನಿಕರು ನಾಲ್ವರು, ಬಿಳಿಯರು ಇಬ್ಬರು. ಸಮೀಕ್ಷೆಯವರು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದು ಹೋಗಿದ್ದ ಸಂಖ್ಯೆಯನ್ನು ಒಬ್ಬ ಕೈಯಲ್ಲಿದ್ದ ಕಾಗದದೊಂದಿಗೆ ತಾಳೆ ನೋಡಿದ. ಅವಳ ಗಂಡನ ಮೊಣಕೈವರೆಗೂ ಸೋಪಿನ ನೊರೆ ಇತ್ತು. ಒರೆಸಿಕೊಳ್ಳಲೂ ಬಿಡಲಿಲ್ಲ. ಬಿಳಿಯರಲ್ಲಿ ಒಬ್ಬ ಕಪ್ಪು ಕನ್ನಡಕ ತೆಗೆದು, ಅವಳಿಗೆ ತಲೆಬಾಗಿ ಏನೋ ವಿನಯದ ಮಾತು ಹೇಳಿ ಹೋದ.

ಒಂಬತ್ತನೆಯ ದಿನ, ಮಂಗಳವಾರ, ಬೇರೆ ಮನೆ ಮಾಡಿದ್ದ ಮೈದುನ ಲಾವಲ್ ಶಿಬಿರದ ಗೇಟಿನಿಂದ ಐದನೆಯ ಸಲ ಹಿಂದಿರುಗಿದ. ಬಂದವನೇ ಚಾಪೆಯ ಮೇಲೆ ಕುಸಿದ.

"ಇಲ್ಲವಂತೆ."

"ಏನಿಲ್ಲವಂತೆ?" ಎಂದಳು ಇಯಾ ಡೆಲ್ಲು.

"ಅಣ್ಣಾನೇ ಇಲ್ಲವಂತೆ. ಉಸ್ಮಾನ್ ಲಾಮಿನು ಅನ್ನೋ ಹೆಸರಿನ ಮನುಷ್ಯ ಒಳಗಿಲ್ಲ, ನಾವು ಹಿಡಿದೇ ಇಲ್ಲ ಅಂತಾರೆ. ಪಟ್ಟಿ ತೋರಿಸಿದ್ರು ಇಯಾ. ನಮ್ಮೂರಿನೋನು ಒಬ್ಬನೇ ಇರೋದು. ಯಾರೋ ಶೇಖ್ ಅಂತೆ. ಮಜಲಿಸದ ಮುಖ್ಯಸ್ಥನಂತೆ. ಅಂಥೋನು ನಮ್ಮೂರಲ್ಲಿ ಯಾರಿದಾರೆ?"

ಫಾಲ್ಮಾತಾಳ ಕೈಯಲ್ಲಿದ್ದ ಸೌಟು ಗಡಿಗೆಯೊಳಗೆ ಜಾರಿತು. ದಾರದ ಎರಡೂ ತುದಿ ಕಂಡಿತ್ತು.

ಆ ಸೀಮೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ, ಮಾವನ ಹೆಸರಂತೂ ಸತ್ತರೂ ಇಲ್ಲ. ತಾಯಿಯಾದವಳು ಚೊಚ್ಚಲ ಮಗುವಿನ ಹೆಸರು ಹೇಳುವುದಿಲ್ಲ. ಹೇಳಿದರೆ ಲಜ್ಜೆಗೇಡಿ. ಬದಲಿಗೆ ಸುತ್ತುದಾರಿಗಳಿವೆ. ಅವಳ ಗಂಡನ ಹೆಸರಿನವರನ್ನೆಲ್ಲ ಶೇಹು ಎಂದು ಕರೆಯುವುದು ರೂಢಿ. ಹಳೆಯ ಕಾಲದ ಒಬ್ಬ ದೊಡ್ಡ ಗುರುವಿಗೆ ಆ ಹೆಸರಿದ್ದುದರಿಂದ ಬಂದ ಬಿರುದು ಅದು, ಶೇಖ್ ಎಂಬುದೇ ಊರ ಬಾಯಲ್ಲಿ ಸವೆದದ್ದು, ಕಟುಕನ ಮಗನಿಗೂ ಸಲ್ಲುತ್ತದೆ, ಕಳ್ಳನಿಗೂ ಸಲ್ಲುತ್ತದೆ. ಅವಳ ನಾಲ್ಕು ವರ್ಷದ ಮಗನಿಗೆ ಮೆಕ್ಕಾಗೆ ಹೋಗಿಬಂದಿದ್ದ ಅಜ್ಜನ ಹೆಸರಿಟ್ಟಿದ್ದರು. ಆದ್ದರಿಂದ ಅವಳು ಅವನನ್ನು ಅಲ್ಹಾಜಿ ಎಂದೇ ಕರೆಯುತ್ತಿದ್ದಳು. ಇಯಾ ಡೆಲ್ಲುವಿಗೂ ಅದು ಬಾಯಲ್ಲಿ ಹೇಳಲಾಗದ ಹೆಸರು, ಸತ್ತ ಗಂಡನದು. ಅವಳು ಮೊಮ್ಮಗನನ್ನು "ನನ್ನ ಗಂಡ" ಎನ್ನುತ್ತಿದ್ದಳು. "ನನ್ನ ಗಂಡ ಚಡ್ಡೀಲಿ ಉಚ್ಚೆ ಹೊಯ್ಕೊಂಡಿದಾನೆ, ಬಾರೇ," ಎಂದು ಅವಳು ಕೂಗಿದರೆ ಬೀದಿಯಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಇನ್ನು ಮಜಲಿಸ. ಸಂಜೆಯ ನಮಾಜಿಗೆ ಮೊದಲು ಗಂಡಸರು ಗೋಡೆಯ ನೆರಳಿನಲ್ಲಿ ಚಹಾ ಕುಡಿಯುತ್ತ ಹರಟೆ ಹೊಡೆಯುವ ಜಾಗಕ್ಕೆ ಆ ಹೆಸರು. ಬೀದಿಗೆ ಎರಡು ಮಜಲಿಸ ಇದ್ದೇ ಇರುತ್ತವೆ. ಒಂದರಲ್ಲಿ ಸಕ್ಕರೆ ಕಡಿಮೆಯಾದರೆ ಇನ್ನೊಂದಕ್ಕೆ ಹೋಗುತ್ತಾರೆ.

ಸಮೀಕ್ಷೆಯ ಹುಡುಗಿ ರಮಾತು ರಾಜಧಾನಿಯಿಂದ ಬಂದವಳು, ಕೈಯಲ್ಲಿ ಬೆರಳೊತ್ತಿ ಬರೆಯುವ ಗಾಜಿನ ಹಲಗೆ. ಸೊಳ್ಳೆಪರದೆ ಹಂಚೋದಕ್ಕೆ, ನೀರಿನ ಕೊಳಾಯಿಗೆ, ಎಂದಿದ್ದಳು. ಆ ದಿನದ ಒಂದೊಂದು ಮಾತೂ ಈಗ ಫಾಲ್ಮಾತಾಳ ಕಿವಿಯಲ್ಲಿ ಮತ್ತೆ ನುಡಿಯಿತು.

"ಮನೆ ಯಜಮಾನ್ರ ಹೆಸರು ಅಕ್ಕಾ?"

"ಶೇಹು ಅಂತಾರೆ."

"ಏನು ಕೆಲಸ?"

ಅಷ್ಟರಲ್ಲಿ ಒಳಗೆ ಮಗಳು ಕಿರುಚಿದ್ದಳು. ಓಡಿಹೋಗಿ ಎತ್ತಿಕೊಂಡು ಬರುವಷ್ಟರಲ್ಲಿ ಹುಡುಗಿ ಮುಂದಿನ ಪ್ರಶ್ನೆಗೆ ಹೋಗಿದ್ದಳು.

"ಇನ್ನು ಯಾರಿದಾರೆ ಗಂಡು ಅಂತ?"

"ಅಲ್ಹಾಜಿ."

"ಹೊರಗಿನವರು ಬಂದು ಹೋಗೋದು?"

"ಬರದೆ ಏನು? ದಿನಾ ಮಜಲಿಸ ಸೇರುತ್ತೆ. ಹತ್ತು ಹನ್ನೆರಡು ಜನ."

"ಏನು ಮಾತಾಡ್ತಾರೆ?"

"ಏನು ಮಾತಾಡಲ್ಲ ಅಂತ ಕೇಳು! ಒಂದು ಸುತ್ತು ಚಹಾ ಮುಗಿಯೋದ್ರಲ್ಲಿ ದುನಿಯಾನೇ ತಲೆಕೆಳಗು ಮಾಡಿಬಿಡ್ತಾರೆ."

ಇಬ್ಬರೂ ನಕ್ಕಿದ್ದರು. ರಮಾತುವಿನ ಅಣ್ಣಂದಿರೂ ರಾಜಧಾನಿಯ ಯಾವುದೋ ಗೋಡೆಯ ಬುಡದಲ್ಲಿ ದುನಿಯಾ ತಲೆಕೆಳಗು ಮಾಡುತ್ತ ಕೂತಿರುವವರೇ ಇರಬೇಕು, ಆದ್ದರಿಂದ ಮನಸಾರೆ ನಕ್ಕಿದ್ದಳು. ಆದರೆ ಆ ಗಾಜಿನ ಹಲಗೆಯಲ್ಲಿ ನಗುವಿಗೆ ಖಾನೆ ಇರಲಿಲ್ಲ. ಬರೆದವಳಿಗೆ ಗೊತ್ತಿದ್ದದ್ದು ಓದಿದವನಿಗೆ ಗೊತ್ತಿರಲಿಲ್ಲ. ಆ ಚಹಾದ ರುಚಿ ನೋಡದ ಯಾರೋ ಒಬ್ಬ ಎಲ್ಲೋ ಕೂತು ಓದಿದ: ಶೇಖ್. ಜೊತೆಗೆ ಒಬ್ಬ ಹಾಜಿ. ದಿನವೂ ಸಭೆ. ಲೋಕವನ್ನು ಬುಡಮೇಲು ಮಾಡುವ ಮಾತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದದ್ದು ಮಾತಾಗಿದ್ದರೆ ಸರಿ. ಹೋದವನು ಗಂಡ.

ಮಗಳಿಗೆ ಚುಚ್ಚುಮದ್ದು ಹಾಕಿಸಬೇಕು ಎಂದು ಅತ್ತೆಗೆ ಸುಳ್ಳು ಹೇಳಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಫಾಲ್ಮಾತಾ ಆ ಮಧ್ಯಾಹ್ನವೇ ಶಿಬಿರದ ದಾರಿ ಹಿಡಿದಳು. ಮರಳು ಚಪ್ಪಲಿಯೊಳಗೆ ನುಗ್ಗುತ್ತಿತ್ತು. ಬಲೂನು ತನ್ನನ್ನೇ ನೋಡುತ್ತಿದೆ ಎಂದು ಎರಡು ಸಲ ತಿರುಗಿ ಹೋಗೋಣವೆನ್ನಿಸಿತು. ನೋಡಲಿ, ಎಂದುಕೊಂಡಳು. ಅದಕ್ಕೆ ಕಣ್ಣಿರೋದು ನೋಡೋಕೇ ತಾನೇ.

ಹೊರಗಿನ ಗೇಟಿನಲ್ಲಿ ಇದ್ದದ್ದು ನಮ್ಮ ಸೈನಿಕನೇ, ಉದ್ದ ಮೂಗಿನ ತೆಳ್ಳಗಿನವನು. ಎದೆಯ ಮೇಲೆ ದಿಕ್ಕೊ ಎಂದು ಹೆಸರು ಹೊಲಿದಿತ್ತು. ಹೆಸರು ನೋಡಿದ್ದೇ ಫಾಲ್ಮಾತಾಳಿಗೆ ಜೀವ ಬಂತು. ಫುಲಾನಿ! ಅದು ದನಗಾಹಿ ಕುಲದ ಹೆಸರು; ಅವಳು ಬೆರಿಬೆರಿ ಕುಲದವಳು. ಈ ಎರಡು ಕುಲದವರಿಗೂ ತಾತಮುತ್ತಾತರ ಕಾಲದಿಂದ ಬೈದಾಟದ ನಂಟು: ಬೈದರೆ ಸಿಟ್ಟಾಗಕೂಡದು, ಕೇಳಿದರೆ ಇಲ್ಲವೆನ್ನಕೂಡದು.

"ಹಸು ಕಾಯೋದು ಬಿಟ್ಟು ಬೇಲಿ ಕಾಯೋಕೆ ಬಂದಿದೀಯಲ್ಲೋ ಫುಲಾನಿ," ಎಂದಳು ದೂರದಿಂದಲೇ. "ನಮ್ಮಜ್ಜನ ಹಟ್ಟಿಯಿಂದ ಕದ್ದ ಹಸು ಎಲ್ಲಿಟ್ಟಿದೀಯಾ?"

ಬಂದೂಕು ಎತ್ತಲು ಹೋದ ದಿಕ್ಕೊ ಅರ್ಧದಲ್ಲೇ ನಿಂತ. ಮುಖ ಸಡಿಲವಾಯಿತು. "ಯಾರಪ್ಪಾ ಅಂದ್ಕೊಂಡೆ. ನಮ್ಮನೆ ಜೀತದ ಬೆರಿಬೆರಿ! ತಪ್ಪಿಸ್ಕೊಂಡು ಎಷ್ಟು ವರ್ಷ ಆಯ್ತೇ ನೀನು? ಬೆನ್ನ ಮೇಲೆ ಇನ್ನೊಂದು ಜೀತ ಹೊತ್ಕೊಂಡು ಬಂದಿದೀಯಾ? ಒಳ್ಳೇದು, ಬಡ್ಡಿ ಸಮೇತ ಬಂದೆ."

"ನಿನ್ನ ಮೂಗು ನೋಡಿ ಮಗು ಹೆದರ್ಕೊಂಡಿದೆ. ಮೊದಲು ಅದನ್ನ ಒಳಗಿಡು, ಆಮೇಲೆ ಮಾತಾಡೋಣ."

ಅವನು ನಕ್ಕ, ನೆರಳಿನತ್ತ ಕರೆದ, ಬಾಟಲಿಯ ನೀರು ಕೊಟ್ಟ. ಅವಳು ಎಲ್ಲವನ್ನೂ ಹೇಳಿದಳು, ಗಂಜಿ ಉಕ್ಕಿದ್ದನ್ನೂ ಬಿಡದೆ. ಕೇಳುತ್ತ ಕೇಳುತ್ತ ದಿಕ್ಕೊನ ನಗು ಆರಿತು.

"ಟೋಪಿ ಒಗೆಯೋನಾ?" ಎಂದ. "ನನ್ನ ಟೋಪೀನೂ ಅವನ ಹತ್ರಾನೇ ಇದೆ ಕಣೇ. ಥೂ." ಸ್ವಲ್ಪ ಹೊತ್ತು ಮರಳನ್ನು ಬೂಟಿನಿಂದ ಕೆದಕಿದ. "ನೋಡು, ಗುರುವಾರ ವಿಮಾನ ಬರುತ್ತೆ. ಪಟ್ಟೀಲಿರೋರನ್ನೆಲ್ಲ ರಾಜಧಾನಿಗೆ ಒಯ್ತಾರೆ. ಅಲ್ಲಿಗೆ ಹೋದ್ಮೇಲೆ ಆರು ತಿಂಗಳೋ, ಮೂರು ವರ್ಷವೋ, ಅಲ್ಲಾಹನಿಗೇ ಗೊತ್ತು. ಶೇಖ್ ಅಂತ ಹೋದೋನು ಟೋಪಿಯೋನಾಗಿ ವಾಪಸ್ ಬರೋದು ಕಷ್ಟ."

"ನೀನು ಹೋಗಿ ಹೇಳು. ನಿಂಗೆ ಗೊತ್ತಲ್ಲ ಅವರು ಯಾರು ಅಂತ."

"ನಾನು ಹೇಳಿದ್ರೆ ಗಾಳಿಗೆ ಹೇಳಿದ ಹಾಗೆ. ಗೇಟಲ್ಲಿ ಆಡಿದ್ದು ಯಾವುದೂ ಒಳಗೆ ಹೋಗಲ್ಲ. ಬಿಳಿಯರು ಯಂತ್ರದಲ್ಲಿ ಇರೋದನ್ನ ಮಾತ್ರ ನಂಬೋದು. ಆ ನಂಬರ್ ಇದೆಯಲ್ಲ, ಸಂತೇಲಿ ಅಂಟಿಸಿದಾರೆ, ಅನುಮಾನದೋರು ಕಂಡ್ರೆ ಹೇಳಿ ಅಂತ? ಅದಕ್ಕೆ ಹೇಳಿದ್ದು ಯಂತ್ರಕ್ಕೆ ಹೋಗುತ್ತೆ. ಯಾರು ಬರೆಸಿದ್ರೋ ಅವರೇ ತಿದ್ದಿಸಬೇಕು. ಹೇಳಿಕೆ ಯಜಮಾನನ ಹೆಂಡತಿದು ಅಂತ ಇದ್ರೆ ಹೆಂಡತಿ ದನೀನೇ ಬೇಕು. ಅವನ ಸ್ವಂತ ಹೆಸರು, ಅವನಪ್ಪನ ಹೆಸರು, ನಿನ್ನ ಬಾಯಿಂದ." ದಿಕ್ಕೊ ಅವಳ ಮುಖ ನೋಡಿ, ಕಣ್ಣು ಬೇರೆಡೆ ಹೊರಳಿಸಿದ. "ಹೇಳ್ತೀಯಾ?"

ಫಾಲ್ಮಾತಾ ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದಳು.

"ನಮ್ಮಮ್ಮ ಆಸ್ಪತ್ರೇಲಿ ಸಾಯ್ತಾ ಇದ್ಲು," ಎಂದ ಅವನು, ಈಗ ಬೈದಾಟದ ದನಿ ಇರಲಿಲ್ಲ. "ಡಾಕ್ಟರು ಗಂಡನ ಹೆಸರು ಕೇಳಿದ್ರು. ಹೊರಗೆ ಇನ್ನೂ ಜನ ಇದಾರಲ್ಲ, ಅವರನ್ನ ಕೇಳಿ ಅಂದ್ಲು. ಅದೇ ಕೊನೇ ಮಾತು. ನನಗೇನೋ ಹೆಮ್ಮೆ. ಆದ್ರೆ ಅಪ್ಪ ಜೈಲಲ್ಲಿರಲಿಲ್ಲ ನೋಡು."

ಬುಧವಾರ ಬೆಳಿಗ್ಗೆ, ಇಯಾ ಡೆಲ್ಲು ಇಮಾಮರ ಮನೆಗೆ ಹೋಗಿದ್ದಾಗ, ಫಾಲ್ಮಾತಾ ಧಾನ್ಯದ ಕೋಣೆಗೆ ಹೋಗಿ ಬಾಗಿಲೆಳೆದುಕೊಂಡಳು. ಫೋನು ಕೈಯಲ್ಲಿತ್ತು. ಮೊದಲು ಸುಮ್ಮನೆ ಹೆಸರು ಹೇಳಿ ನೋಡೋಣವೆಂದು ಬಾಯಿ ತೆರೆದಳು. ತುಟಿ ದುಂಡಗಾಯಿತು, ಮೊದಲ ಸ್ವರ ಹೊರಟಿತು, ಅಲ್ಲಿಗೆ ನಿಂತಿತು. ಆರು ವರ್ಷದ ಸಂಸಾರ. ಆ ಮನುಷ್ಯನ ಬೆನ್ನಿನ ಮಚ್ಚೆಗಳನ್ನು ಬಲ್ಲಳು, ನಿದ್ದೆಯಲ್ಲಿ ಹಲ್ಲು ಕಡಿಯುವುದನ್ನು ಬಲ್ಲಳು, ಹೆಸರು ಮಾತ್ರ ನಾಲಿಗೆಗೆ ಪರಕೀಯ. ಇನ್ನೊಮ್ಮೆ ಪ್ರಯತ್ನಿಸಿದಳು. ಸಜ್ಜೆಯ ಮೂಟೆಗಳು ಕಿವಿಗೊಟ್ಟು ಕೂತಂತೆ ಅನ್ನಿಸಿ ಕಿವಿ ಬಿಸಿಯಾಯಿತು.

ಹೆಸರೊಂದೇ ಆಗಿದ್ದರೆ ಹೇಗೋ. ಆ ನಂಬರಿನ ಮಾತೇ ಬೇರೆ. ಹೋದ ಬೇಸಿಗೆಯಲ್ಲಿ ಸೋಪು ಮಾರುವವನೊಬ್ಬ ಕದ್ದು ಅದಕ್ಕೆ ಫೋನು ಮಾಡಿದ್ದು ಹೇಗೋ ಗೊತ್ತಾಯಿತು. ಏನು ಹೇಳಿದನೋ, ಯಾರ ಮೇಲೆ ಹೇಳಿದನೋ, ಯಾರಿಗೂ ತಿಳಿಯದು. ಆದರೆ ಚಾಡಿಕೋರ ಎಂದು ಹೆಸರು ಬಿದ್ದ ಮೇಲೆ ಅವನ ಸೋಪನ್ನು ಯಾರೂ ಕೊಳ್ಳಲಿಲ್ಲ, ಸಲಾಮಿಗೆ ಸಲಾಮು ಸಿಗಲಿಲ್ಲ, ಮಳೆಗಾಲಕ್ಕೆ ಮೊದಲೇ ಊರು ಬಿಟ್ಟ. ಕಾಡಿನವರಿಗೂ ಆ ಸುದ್ದಿ ಮುಟ್ಟಿತ್ತಂತೆ. ನನ್ನನ್ನೂ ಒಳಗೆ ಹಾಕಿದರೆ? ತಪ್ಪು ಹೇಳಿಕೆ ಕೊಟ್ಟವಳು ಎಂದು? ಮಕ್ಕಳಿಗೆ ಯಾರು? ಯೋಚನೆ ಒಂದರ ಬಾಲಕ್ಕೆ ಒಂದು ಜೋತುಬಿದ್ದವು. ಅಭ್ಯಾಸಬಲದಿಂದ ಕೈ ಬೆನ್ನಿಗೆ ಹೋಗಿ ಮಗಳ ಹಣೆ ಹುಡುಕಿತು. ತಣ್ಣಗಿತ್ತು.

ನಾಳೆ ವಿಮಾನ. ಎಷ್ಟು ಭಯ ಬೇಕಾದರೂ ಪಡು, ಫಾಲ್ಮಾತಾ, ಆದರೆ ಇವತ್ತೇ ಪಟ್ಟು ಮುಗಿಸು, ಎಂದು ತನಗೇ ಹೇಳಿಕೊಂಡು ಬಾಗಿಲು ತೆರೆದಳು.

ಇಯಾ ಡೆಲ್ಲು ಹಿಂದಿರುಗಿ, ಅಂಗಳದಲ್ಲಿ ಅಲಸಂದೆ ಆರಿಸುತ್ತ ಕೂತಿದ್ದಳು. ಇಮಾಮರು ದುವಾ ಬರೆದುಕೊಟ್ಟಿದ್ದರು. ಊರ ಮುಖಂಡರು, ತಾಳ್ಮೆಯಿರಲಿ, ಎಂದಿದ್ದರು. ಫಾಲ್ಮಾತಾ ಮೊಣಕಾಲೂರಿ ಕೂತಳು.

"ಇಯಾ, ಅವರನ್ನ ಹಿಡಿಸಿದ್ದು ನನ್ನ ಬಾಯಿ."

ಹೇಳಿ ಮುಗಿಸುವವರೆಗೂ ಮುದುಕಿ ತಲೆ ಎತ್ತಲಿಲ್ಲ. ಕಲ್ಲು ಒಂದು ಕಡೆ, ಕಾಳು ಒಂದು ಕಡೆ.

"ಓದಿದ ಬಾಯಿ," ಎಂದಳು ಕೊನೆಗೆ. "ನಾನು ಅವತ್ತೇ ಅಂದೆ. ಜಿಂದರಿನ ಹುಡುಗಿ ಬೇಡ, ನೀರು ಸೋಸ್ತಾಳೆ ಅಂತ. ನೀರು ಸೋಸೋಳಿಗೆ ಮಾತು ಸೋಸೋಕೆ ಬರಲಿಲ್ವೇನೇ?"

"ಬರಲಿಲ್ಲ ಇಯಾ."

"ಸೊಳ್ಳೆಪರದೆ ಕೊಟ್ರಾ?"

"ಇಲ್ಲ."

"ಅದೂ ಇಲ್ಲ!" ಮುದುಕಿ ಕಾಳಿನ ಮೊರವನ್ನು ನೆಲಕ್ಕೆ ಕುಕ್ಕಿದಳು.

ಫಾಲ್ಮಾತಾ ಉಳಿದದ್ದನ್ನೂ ಹೇಳಿದಳು: ದಿಕ್ಕೊ ಹೇಳಿದ ನಿಯಮ, ನಾಳೆಯ ವಿಮಾನ. "ಎರಡು ಹೆಸರೂ ನಾನೇ ಹೇಳಬೇಕು ಇಯಾ. ಅವರದೂ, ನಿಮ್ಮವರದೂ. ಹೇಳ್ತೀನಿ. ನಿಮ್ಮನ್ನ ಕೇಳೋಕೆ ಬಂದಿಲ್ಲ, ತಿಳಿಸೋಕೆ ಬಂದೆ."

ಇಂಥ ಮಾತನ್ನು ಆ ಅಂಗಳದಲ್ಲಿ ಯಾವ ಸೊಸೆಯೂ ಆಡಿರಲಿಲ್ಲ. ಇಯಾ ಡೆಲ್ಲು ಒಣಗಲಿಟ್ಟ ಸೋರೆಬುರುಡೆಗಳ ಕಡೆ ತಿರುಗಿದಳು. ಹತ್ತು ದಿನದಿಂದ ಅವುಗಳ ಮೇಲೆ ಅದೇ ಟೋಪಿಗಳು, ಧೂಳು ಹಿಡಿದಿದ್ದವು.

"ಅವನು ನನ್ನ ಚೊಚ್ಚಲು," ಎಂದಳು. "ಹೊಟ್ಟೇಲಿ ಹೊತ್ತೋಳು ನಾನು, ಹೆಸರು ಕರೆಯೋ ಭಾಗ್ಯ ಊರಿಗೆಲ್ಲ. ಅವತ್ತು ಜೀಪಿಗೆ ಹತ್ತಿಸುವಾಗ ಇಲ್ಲೇ ನಿಂತಿದ್ದೆ. ಒಂದು ಸಲ ತಿರುಗಿ ನೋಡ್ಲಿ ಅಂತ ಕೂಗ್ದೆ. ಏನಂತ ಕೂಗ್ದೆ ಗೊತ್ತಾ? ಏ ಹುಡುಗಾ, ಅಂದೆ. ಮೂವತ್ತೈದು ವರ್ಷದ ಗಂಡಸಿಗೆ. ಬೀದೀಲಿದ್ದ ಹುಡುಗರೆಲ್ಲ ನನ್ನ ಕಡೆ ನೋಡಿದ್ರು. ಅವನು ನೋಡಲಿಲ್ಲ."

ಮುದುಕಿ ಮೂಗು ಒರೆಸಿಕೊಂಡಳು.

"ಕೋಣೆ ಒಳಗೆ ಹೋಗಿ ಹೇಳ್ಕೋ. ನಾನು ಕಿವಿ ಮುಚ್ಕೋತೀನಿ."

"ಒಳಗೆ ಆಗಲ್ಲ ಇಯಾ. ಕದ್ದು ಹೇಳಿದ್ರೆ ಅದು ಚಾಡಿ. ಎಲ್ಲರ ಎದುರು ಹೇಳಿದ್ರೆ ಸಾಕ್ಷಿ. ಹೊರಗೆ ಗೋಡೆ ಹತ್ರ ಹೋಗ್ತೀನಿ."

"ಗಂಡಸರ ಮಜಲಿಸಕ್ಕಾ!"

"ಅವರನ್ನ ಹಿಡಿಸಿದ್ದು ಆ ಮಜಲಿಸಾನೇ ತಾನೆ? ಅದೂ ಕೇಳಲಿ."

ಸಂಜೆಯಾಗಲು ಇನ್ನೂ ಹೊತ್ತಿತ್ತು. ಗೋಡೆಯ ನೆರಳು ಬೀದಿಯ ಅರ್ಧಕ್ಕೆ ಬಂದಿತ್ತು. ಯಜಮಾನನಿಲ್ಲದ ಮಜಲಿಸದಲ್ಲಿ ಐದಾರು ಜನ ಮಾತ್ರ, ಲಾವಲನೂ ಇದ್ದ. ಇದ್ದಿಲ ಮೇಲೆ ಪುಟ್ಟ ಚಹಾಪಾತ್ರೆ. ತಲೆವಸ್ತ್ರ ಬಿಗಿದುಕೊಂಡು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಮಗನ ಕೈಹಿಡಿದು ಬಂದ ಹೆಣ್ಣನ್ನು ಕಂಡು ಮಾತು ನಿಂತಿತು.

"ದಾರಿ ತಪ್ಪಿದೆಯಾ ತಾಯಿ?" ಎಂದ ತಂಕೊ ಅಜ್ಜ. "ಹೆಂಗಸರ ಚಹಾ ಒಳಗಿರುತ್ತೆ."

"ನಿಮ್ಮ ಚಹಾ ಬೇಡ ಅಜ್ಜಾ. ಕಿವಿ ಬೇಕು."

ನಿಂತುಕೊಂಡೇ ನಾಲ್ಕು ಮಾತಿನಲ್ಲಿ ವಿಷಯ ಹೇಳಿದಳು. ಯಾವ ನಂಬರಿಗೆ ಎಂದು ಹೇಳಿದಾಗ ಒಬ್ಬ ಎದ್ದು ಚಪ್ಪಲಿ ಮೆಟ್ಟಿದ.

"ಕೂತ್ಕೊಳ್ಳೋ," ಎಂದು ತಂಕೊ ಅಜ್ಜ ಗದರಿದ. "ಮೂರು ವರ್ಷ ಅವನ ಸಕ್ಕರೆ ತಿಂದಿದೀಯ. ಈಗ ಓಡಿಹೋದ್ರೆ ಬಲೂನು ನಿನ್ನನ್ನೇ ಬರ್ಕೊಳ್ಳುತ್ತೆ."

"ಅತ್ತಿಗೆ, ಬೇಡ," ಎಂದ ಲಾವಲ್ ಮೆಲ್ಲಗೆ. "ನಾನು ಮಾಡ್ತೀನಿ. ನಿಮ್ಮ ಬಾಯಲ್ಲಿ ಆ ಹೆಸರು..."

"ನಿನ್ನ ದನಿ ಗಂಡಸಿಂದು ಲಾವಲ್. ಅವರಿಗೆ ಬೇಕಾಗಿರೋದು ತಪ್ಪು ಮಾಡಿದೋಳ ದನಿ."

ಬಾಗಿಲ ಬಳಿ ಇಯಾ ಡೆಲ್ಲು ಬಂದು ನಿಂತಿದ್ದಳು. ಕಿವಿ ಮುಚ್ಚಿಕೊಂಡಿರಲಿಲ್ಲ.

ಫಾಲ್ಮಾತಾ ನಂಬರು ಒತ್ತಿದಳು. ದನಿ ಎಲ್ಲರಿಗೂ ಕೇಳುವಂತೆ ಮಾಡಿ ಫೋನನ್ನು ಅಂಗೈಯ ಮೇಲೆ ತಟ್ಟೆಯಂತೆ ಹಿಡಿದಳು. ಮೊದಲು ಫ್ರೆಂಚಿನಲ್ಲಿ ಒಬ್ಬಳು ಯಂತ್ರದ ಹೆಂಗಸು ಸ್ವಾಗತ ಕೋರಿದಳು, ಆಮೇಲೆ ಸಂಗೀತ, ಆಮೇಲೆ ಹೌಸಾ ಮಾತಾಡುವ ಯುವಕನೊಬ್ಬ, ಬೇರೆ ಸೀಮೆಯ ರಾಗದವನು.

"ಹೇಳಿ, ನಿಮ್ಮ ಹೆಸರು ಗುಟ್ಟಾಗಿ ಇಡ್ತೀವಿ. ಯಾರ ಮೇಲೆ ಅನುಮಾನ?"

"ನನ್ನ ಮೇಲೆ."

"ಅರ್ಥವಾಗ್ಲಿಲ್ಲ ಅಮ್ಮಾ."

"ನನ್ನ ಹೆಸರು ಗುಟ್ಟಾಗಿಡೋದು ಬೇಡ. ಫಾಲ್ಮಾತಾ. ಗಿದಾನ್ ಕಾಬಾ, ಗೋಡೆ ಮೇಲಿನ ನಂಬರ್ ನೂರ ಹದಿನೇಳು. ಎರಡು ತಿಂಗಳ ಹಿಂದೆ ನಾನು ತಪ್ಪು ಬರೆಸಿದೀನಿ. ನಿಮ್ಮ ಪಟ್ಟೀಲಿ ಶೇಖ್ ಅಂತ ಇರೋನು ಶೇಖ್ ಅಲ್ಲ. ಹಾಜಿ ಅಂತ ಬರ್ಕೊಂಡಿದೀರಲ್ಲ, ಅವನು ಇಲ್ಲೇ ನಿಂತಿದಾನೆ, ನಾಲ್ಕು ವರ್ಷ, ಮೂಗು ಸುರಿಸ್ತಾ ಇದಾನೆ."

ಮಜಲಿಸದಲ್ಲಿ ಯಾರೋ ಉಗುಳು ನುಂಗಿ ನಗೆ ತಡೆದರು.

"ಒಂದು ನಿಮಿಷ," ಎಂದಿತು ದನಿ, ಈಗ ನಿಧಾನವಾಗಿ. ಹಿಂದೆ ಇನ್ನೊಂದು ದನಿ ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು. "ನೀವು ಆ ವ್ಯಕ್ತಿಗೆ ಏನಾಗಬೇಕು?"

"ಹೆಂಡತಿ."

"ಹಾಗಾದ್ರೆ ಅವನ ನಿಜವಾದ ಹೆಸರು ಹೇಳಿ. ತಂದೆ ಹೆಸರೂ."

ತುಟಿ ದುಂಡಗಾಯಿತು. ಬೀದಿಯಲ್ಲಿ ಕತ್ತೆಗಾಡಿಯೊಂದು ಕಿರುಗುಟ್ಟುತ್ತ ಹೋಗುತ್ತಿತ್ತು, ಅದು ದಾಟಿ ಹೋಗಲಿ ಎಂದು ಕಾಯಬಹುದಿತ್ತು. ಕಾಯಲಿಲ್ಲ.

"ಉಸ್ಮಾನ್," ಎಂದಳು.

ಗಂಡಸರೆಲ್ಲ ನೆಲ ನೋಡಿದರು. ಹೆಸರು ಹೊರಗೆ ಬಂದ ಮೇಲೆ ಅದೊಂದು ಸಾಧಾರಣ ಹೆಸರಾಗಿತ್ತು, ಸಂತೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳುವಂಥದು. ಅವಳ ಕಣ್ಣಲ್ಲಿ ನೀರು ಬಂತು. ಮಾತು ನಿಲ್ಲಿಸಲಿಲ್ಲ.

"ಉಸ್ಮಾನ್ ಲಾಮಿನು. ತಂದೆ ಹೆಸರು ಲಾಮಿನು. ಕೆಲಸ ಟೋಪಿ ಒಗೆಯೋದು. ಮಜಲಿಸ ಅಂದ್ರೆ ಚಹಾ ಕುಡಿಯೋ ಗೋಡೆ, ಅಷ್ಟೆ. ಅದರಲ್ಲಿ ಕೂರೋರೆಲ್ಲ ಈಗ ಇಲ್ಲೇ ಇದಾರೆ, ಕೇಳಿಸ್ಕೊಳ್ತಾ ಇದಾರೆ. ಬೇಕಾದ್ರೆ ಮಾತಾಡಿ."

"ತಂಕೊ, ಲಾರಿ ಡ್ರೈವರು," ಎಂದು ಅಜ್ಜ ಕೇಳದೆಯೇ ಫೋನಿನತ್ತ ಕೂಗಿದ. "ಬರ್ಕೊಳ್ಳಿ. ಸಕ್ಕರೆ ಜಾಸ್ತಿ ಹಾಕ್ತಾನೆ, ಅದೊಂದೇ ಅವನ ಅಪರಾಧ."

"ಇಬ್ರಾಹೀಂ, ಕಬ್ಬಿಣದ ಕೆಲಸ," ಎಂದ ಚಪ್ಪಲಿ ಮೆಟ್ಟಿದ್ದವನು, ತಲೆ ಎತ್ತದೆ.

"ಆಯ್ತು ಆಯ್ತು, ಒಬ್ಬೊಬ್ಬರೇ," ಎಂದಿತು ಆ ಕಡೆಯ ದನಿ. ಕೀಲಿಗಳ ಟಕಟಕ ಕೇಳಿಸಿತು. "ಬರ್ಕೊಂಡೆ ಅಮ್ಮಾ. ಮೇಲಿನವರಿಗೆ ಕಳಿಸ್ತೀನಿ. ವಂದನೆ."

"ಇಡಬೇಡಿ," ಎಂದಳು ಫಾಲ್ಮಾತಾ. "ಬರೆದಿದ್ದನ್ನ ಓದಿ ಹೇಳಿ."

"ಅದು ನಿಯಮ ಇಲ್ಲ..."

"ಹೋದ ಸಲಾನೂ ಓದಿ ಹೇಳಲಿಲ್ಲ. ಅದಕ್ಕೇ ಇಷ್ಟೆಲ್ಲ ಆಗಿರೋದು. ಒಂದೊಂದು ಅಕ್ಷರ ಓದಿ. ನಾನು ಶಾಲೆ ಓದಿದೋಳು, ನಂಗೆ ಗೊತ್ತಾಗುತ್ತೆ."

ಆ ಕಡೆ ನಿಟ್ಟುಸಿರು. ಹುಡುಗ ಓದತೊಡಗಿದ. ಗಂಡನ ಹೆಸರಿನ ಅಕ್ಷರಗಳು ಒಂದೊಂದಾಗಿ ಅಂಗೈಯಿಂದ ಬೀದಿಗೆ ಬಂದವು. ಎಲ್ಲವೂ ಸರಿಯಾಗಿದ್ದವು. ಮಾವನ ಹೆಸರಿಗೆ ಬಂದಾಗ ಮೂರನೆಯ ಅಕ್ಷರದಲ್ಲಿ ಎಡವಿದ. ಆ ಹೆಸರು ಇನ್ನಾವನದೋ ಆಗಿಬಿಡುತ್ತಿತ್ತು.

"ತಪ್ಪು," ಎಂದಳು ಫಾಲ್ಮಾತಾ. "ಅಳಿಸಿ. ಮೊದಲಿಂದ ಬರೀರಿ, ನಾನು ಹೇಳ್ತೀನಿ."